ಕರುಗಳ ಹುಳುಕಡ್ಡಿಗೆ ನಾನು ಮದ್ದು ಹಚ್ಚಿ ನೋಡಿದ್ದು

ದೀಪಾವಳಿ ಕಳೆದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ತಳಿಯ ಕರುವಿನ ಕಣ್ಣಿನ ಸುತ್ತ ಕೂದಲು ಉದುರಿ, ಬೂದಿ ಮೆತ್ತಿದ ಹಾಗೆ ದಪ್ಪ ಹಕ್ಕಳೆ ಕಟ್ಟಿತು. ತಿಂಗಳೊಳಗೆ ಐದೂ ಕರುಗಳಿಗೆ ಹತ್ತಿತು. ಬಿಸಿಲು ಬೀಳದ ಮೂಲೆಯಲ್ಲಿ ಎಲ್ಲವನ್ನೂ ಒತ್ತೊತ್ತಾಗಿ ಕಟ್ಟುತ್ತಿದ್ದೆ, ತಪ್ಪು ನನ್ನದೇ. ದನದ ಡಾಕ್ಟ್ರು ಮಚ್ಚೆಯ ಅಂಚಿನಿಂದ ನಾಲ್ಕು ಕೂದಲು ಕಿತ್ತುಕೊಂಡು ಹೋಗಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಹುಳುಕಡ್ಡಿ ಅಂದರು. ಹೆಸರಲ್ಲಿ ಮಾತ್ರ ಹುಳು. ನಿಜಕ್ಕೂ ಇದು ಟ್ರೈಕೊಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರ.

ಮದ್ದು ಹೇಳುವವರಿಗೆ ಬರವಿಲ್ಲ. ಪಕ್ಕದ ಮನೆ ಅಜ್ಜಿ ಸೀಮೆ ಅಗಸೆ ಸೊಪ್ಪು ಅರೆದು ಹಚ್ಚು ಅಂದರು, ಇನ್ನೊಬ್ಬರು ಮೈಲುತುತ್ತ ಅಂದರು, ಎಲ್ಲರ ದನಕ್ಕೂ ಅವರವರ ಮದ್ದಿನಿಂದಲೇ ವಾಸಿಯಾಗಿತ್ತಂತೆ. ಡಾಕ್ಟ್ರು ನಕ್ಕರು. ಏನೂ ಹಚ್ಚದಿದ್ದರೂ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳಲ್ಲಿ ತಾನಾಗಿ ಹೋಗುತ್ತದಂತೆ. ಹಾಗಾದರೆ ವಾಸಿ ಮಾಡಿದ್ದು ಮದ್ದೋ, ದಿನಗಳೋ? ನನಗೆ ಈ ಹುಳ ತಲೆಗೆ ಹೊಕ್ಕಿತು.

ಪ್ರತಿ ಕರುವಿನ ಮೇಲೂ ಕುತ್ತಿಗೆ, ಭುಜದ ಹತ್ತಿರ ಹೆಚ್ಚುಕಡಿಮೆ ಒಂದೇ ಅಳತೆಯ ಮೂರು ಮಚ್ಚೆ ಆರಿಸಿದೆ. ಒಂದಕ್ಕೆ ಟಿಂಚರ್ ಅಯೋಡಿನ್, ಒಂದಕ್ಕೆ ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಮುಲಾಮು, ಮೂರನೆಯದನ್ನು ಸುಮ್ನೆ ಬಿಟ್ಟೆ. ಕಣ್ಣಿನ ಹತ್ತಿರ ಅಯೋಡಿನ್ ತರಲೇ ಇಲ್ಲ. ಹಚ್ಚುವ ಮೊದಲು ಸೋಪಿನ ನೀರಲ್ಲಿ ಹಕ್ಕಳೆ ನೆನೆಸಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ ತೆಗೆದು ಸುಡುತ್ತಿದ್ದೆ. ಪ್ರತಿ ಭಾನುವಾರ ದಾರ ಹಿಡಿದು ಅಳತೆ, ಮೊಬೈಲಿನಲ್ಲಿ ಒಂದು ಫೋಟೋ.

ನಾಲ್ಕನೇ ವಾರಕ್ಕೆ ಮದ್ದು ಹಚ್ಚಿದ ಎರಡೂ ಕಡೆ ನಡುವೆ ನುಣುಪಾದ ಹೊಸ ಕೂದಲು. ಬಿಟ್ಟ ಮಚ್ಚೆಯಲ್ಲಿ ಇನ್ನೂ ಹಕ್ಕಳೆ. ಗೆದ್ದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಬಿಟ್ಟ ಮಚ್ಚೆಯನ್ನು ನಾನು ಉಜ್ಜಿಯೇ ಇರಲಿಲ್ಲ ಅಲ್ವಾ! ಕೆಲಸ ಮಾಡಿದ್ದು ಮುಲಾಮೋ ಬ್ರಷ್ಷೋ, ಹೇಗೆ ಹೇಳುವುದು?

ಎರಡು ಕರುಗಳಲ್ಲಿ ಹೊಸದಾಗಿ ಎದ್ದಿದ್ದ ಮಚ್ಚೆಗಳಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ಎಲ್ಲವನ್ನೂ ಉಜ್ಜಿ ತೊಳೆದೆ, ಅರ್ಧಕ್ಕೆ ಮಾತ್ರ ಮುಲಾಮು. ಮುಲಾಮಿನ ಕಡೆ ಸ್ವಲ್ಪ ಬೇಗ ಕೂದಲು ಬಂತು, ಆದರೆ ಒಂದು ವಾರದಷ್ಟೇ ಅಂತರ. ಎರಡೇ ಕರು, ಇದನ್ನು ದೊಡ್ಡ ಸಾಕ್ಷಿ ಅಂತ ನಾನು ಹೇಳುವುದಿಲ್ಲ. ಅಷ್ಟರಲ್ಲಿ ಮೊದಲು ಬಿಟ್ಟಿದ್ದ ಮಚ್ಚೆಗಳೂ ತಾವಾಗಿ ಒಣಗತೊಡಗಿದ್ದವು.

ಇಷ್ಟರ ನಡುವೆ ಗ್ಲೌಸ್ ಇಲ್ಲದೆ ಒಂದು ದಿನ ಕೈಹಾಕಿದ್ದಕ್ಕೆ ನನ್ನ ಮಣಿಕಟ್ಟಿಗೂ ಉಂಗುರದಂಥ ಕೆಂಪು ಕಜ್ಜಿ ಎದ್ದಿತು. ಮನುಷ್ಯರಿಗೂ ಹರಡುತ್ತದೆ ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದೆ, ಹೆಂಡತಿಯ ಬೈಗುಳ ಬೇರೆ.

ಇದರ ಬೀಜಕಣ ಒಣಮರದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹಾಗಾಗಿ ಕರುಗಳು ಮೈ ಉಜ್ಜುತ್ತಿದ್ದ ಹಳೇ ಮರದ ಗೂಟಗಳನ್ನು ಕಿತ್ತು ಒಲೆಗೆ ಹಾಕಿದೆ. ಈಗ ಕಬ್ಬಿಣದ ಗೂಟ ಹುಗಿದು, ಬೆಳಗಿನ ಬಿಸಿಲಲ್ಲಿ ಬಿಡಿಬಿಡಿಯಾಗಿ ಕಟ್ಟುತ್ತಿದ್ದೇನೆ.