ಎರಡು ಪೆಟ್ಟಿಗೆ ಸೈನಿಕರು, ಒಂದು ಮೀಟರ್ ಕೋಲು: ಪುಣೆಯಿಂದ ಟ್ಯಾಂಕ್ ಮ್ಯೂಸಿಯಮ್ಮಿಗೆ

ಪುಣೆಯಲ್ಲಿ ಆಟಿಕೆ ಸೈನಿಕರನ್ನು ಕೂಡಿಡುವ ಕನ್ನಡಿಗರು ನಾವು ಎಂಟು ಮಂದಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಅಹಮದ್‌ನಗರದ (ಈಗ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗಿಬರುತ್ತೇವೆ. ಪುಣೆಯಿಂದ ಸುಮಾರು 120 ಕಿ.ಮೀ. ಹಾಗೆ ಹೋಗಿ ಬರಿಯ ಸೆಲ್ಫಿ ತೆಗೆದುಕೊಂಡು ಬಂದರೆ ಡೀಸೆಲ್ ದಂಡ. ನಾವು ಹೋಗುವುದು ಅಳತೆಗೆ: ಸೈನಿಕರ ಪಕ್ಕ ಇಡುವ ಟ್ಯಾಂಕ್ ಮಾಡೆಲ್ ಅವರಿಗೆ ತಕ್ಕ ಗಾತ್ರದಲ್ಲಿ ಇರಬೇಕಲ್ಲ. ಆ ಕೆಲಸ ಹೇಗೆ ಮಾಡುತ್ತೇವೆ ಎಂದು ಬರೆದಿಟ್ಟಿದ್ದೇನೆ.

ಮೊದಲು ಪೆಟ್ಟಿಗೆ. ಪ್ರಯಾಣದಲ್ಲಿ ಸೈನಿಕ ಮುರಿಯುವ ಜಾಗ ಮೂರೇ: ಬಂದೂಕಿನ ತುದಿಯ ಬಯೋನೆಟ್, ಕಣಕಾಲು, ಕುದುರೆಯ ಕಾಲು. ಅಲ್ಲಾಡಿದರೆ ಮುರಿಯುತ್ತದೆ, ಅಷ್ಟೇ. ಹಾಗಾಗಿ ನಾನು ಪ್ರತಿ ಸೈನಿಕನ ಪಾದದಡಿ ಒಂದು ಕಬ್ಬಿಣದ ವಾಷರ್ ಅಂಟಿಸಿ, ಪ್ಲಾಸ್ಟಿಕ್ ಟೂಲ್‌ಬಾಕ್ಸ್ ತಳಕ್ಕೆ ಮ್ಯಾಗ್ನೆಟ್ ಶೀಟ್ ಹಾಕುತ್ತೇನೆ. ಹಳೆಯ ಸೈನಿಕರು ಸೀಸದವರು; ಸೀಸಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ವಾಷರ್ ಬೇಕೇ ಬೇಕು. ಹಳೆಯ, ಬೆಲೆಬಾಳುವ ತುಂಡಿಗೆ ಮಾತ್ರ ಅಂಟು ಹಚ್ಚಬೇಡಿ. ಅದನ್ನು ಬಟರ್ ಪೇಪರಿನಲ್ಲಿ ಸುತ್ತಿ ಫೋಮ್‌ನ ಗುಂಡಿಯಲ್ಲಿ ಮಲಗಿಸಿ. ಬಬಲ್ ರ್‍ಯಾಪ್ ನೇರವಾಗಿ ತಾಗಿಸಬಾರದು. ಸೆಕೆಗೆ ಹೊಳಪಿನ ಎನಾಮಲ್ ಬಣ್ಣ ಮೆತ್ತಗಾಗಿ ಮೈಮೇಲೆಲ್ಲ ಗುಳ್ಳೆಗಳ ಅಚ್ಚು ಬೀಳುತ್ತದೆ. ಒಮ್ಮೆ ಬಿದ್ದ ಅಚ್ಚು ಹೋಗುವುದಿಲ್ಲ.

ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಬೇಡ, ಸೀಟಿನ ಮುಂದೆ ಕಾಲಬುಡದಲ್ಲಿ ಇರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆದು ಪ್ಲಾಸ್ಟಿಕ್ (ಪಾಲಿಥೀನ್) ಸೈನಿಕರ ಬಂದೂಕು ಬಾಗುತ್ತದೆ. ಬಾಗಿದ್ದನ್ನು ಬಿಸಿನೀರಲ್ಲಿ ಅರೆನಿಮಿಷ ಅದ್ದಿ, ನೆಟ್ಟಗೆ ಹಿಡಿದು, ತಕ್ಷಣ ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಸೀಸದ ಬಯೋನೆಟ್ಟಿಗೆ ಈ ಉಪಾಯ ನಡೆಯದು. ಒಂದೆರಡು ಸಲ ನೆಟ್ಟಗೆ ಮಾಡಿದರೆ ಮೂರನೇ ಸಲಕ್ಕೆ ಬುಡದಲ್ಲೇ ಪಟ್ಟನೆ ಕೈಗೆ ಬರುತ್ತದೆ.

ಹೊರಡುವ ಹಿಂದಿನ ಸಂಜೆ ಕೋಥರೂಡಿನ ಒಂದು ಮನೆಯಲ್ಲಿ ಎಲ್ಲರೂ ಸೇರಿ ಅದಲುಬದಲು ಮಾಡಿಕೊಳ್ಳುತ್ತೇವೆ. ತಲೆಗೆ ಇಪ್ಪತ್ತು ತುಂಡು, ಮೇಜಿನ ಮೇಲೆ ಉಣ್ಣೆಬಟ್ಟೆ, ಎತ್ತುವುದು ತಳ ಹಿಡಿದೇ. ಇಲ್ಲಿಗೆ ಬರುವ ಹಳೆಯ ಮಾಲು ಹೆಚ್ಚಾಗಿ ಪುಣೆಯ ಜೂನಾ ಬಜಾರಿನದು (ಬುಧವಾರ, ಭಾನುವಾರ), ಕೆಲವು ಮುಂಬೈಯ ಚೋರ್ ಬಜಾರಿನವು. ಅಸಲಿ ಟೊಳ್ಳು ಎರಕವೋ ಆಮೇಲೆ ಅಚ್ಚು ತೆಗೆದು ಹೊಯ್ದದ್ದೋ ಎಂದು ಕೈಯೇ ಹೇಳುತ್ತದೆ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಿಂದ ಮಾಡಿದ ಟೊಳ್ಳು ಎರಕದಲ್ಲಿ, ಕಾದ ಲೋಹ ಅಚ್ಚಿನ ಗೋಡೆಗೆ ಹತ್ತಿಕೊಂಡ ಕೂಡಲೇ ಉಳಿದದ್ದನ್ನು ಹೊರಗೆ ಚೆಲ್ಲುತ್ತಿದ್ದರು. ಆದ್ದರಿಂದ ತಲೆಯ ಮೇಲೋ ಪಾದದ ಕೆಳಗೋ ಸಣ್ಣ ತೂತು ಇರುತ್ತದೆ, ತೂಕ ಹಗುರ. ನಕಲು ಗಟ್ಟಿ ಎರಕ, ಭಾರ. ಮುಖದ ಗೆರೆಗಳು ಸವೆದ ಸಾಬೂನಿನ ಹಾಗೆ.

ಮೈಮೇಲೆ ಬಿಳಿ ಪುಡಿ ಕಂಡರೆ ಅಂಥದ್ದನ್ನು ಬೇರೆಯವರ ಪೆಟ್ಟಿಗೆಯೊಳಗೆ ಬಿಡಬೇಡಿ. ಪ್ಲೈವುಡ್, ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ), ರಟ್ಟು, ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್, ಇವೆಲ್ಲ ಅಸಿಟಿಕ್ ಆಮ್ಲದ ಹಬೆ ಬಿಡುತ್ತವೆ, ಅದು ಸೀಸವನ್ನು ತಿನ್ನುತ್ತದೆ. ಪುಣೆಯ ಮಳೆಗಾಲದ ತೇವ ಅದಕ್ಕೆ ಒತ್ತಾಸೆ. ಆ ಪುಡಿ ವಿಷ, ಒಣ ಬ್ರಶ್ಶಿನಿಂದ ಕೊಡವಿ ಹಾರಿಸಬಾರದು. ದಾರಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುವ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಬೇಕು ಎನ್ನುವುದೂ ಇದೇ ಕಾರಣಕ್ಕೆ.

ಬೆಳಿಗ್ಗೆ ಆರಕ್ಕೆ ಹೊರಟರೆ ವಾಘೋಲಿ, ಶಿಕ್ರಾಪುರ ದಾಟುವುದು ಸುಲಭ. ಏಳೂವರೆ ಆಯಿತೆಂದರೆ ಅಲ್ಲೇ ಒಂದು ಗಂಟೆ ಹೋಯಿತು. ಮ್ಯೂಸಿಯಂ ಇರುವುದು ಸೇನೆಯ ಆರ್ಮರ್ಡ್ ಕೋರ್ ಸೆಂಟರ್ ಅಂಡ್ ಸ್ಕೂಲಿನ ಆಶ್ರಯದಲ್ಲಿ, 1994ರಿಂದ. ಗುರುತಿನ ಚೀಟಿ ಎಲ್ಲರ ಕೈಯಲ್ಲೂ ಇರಲಿ, ಡ್ರೋನ್ ಮನೆಯಲ್ಲೇ ಇರಲಿ, ಟ್ಯಾಂಕ್ ಹತ್ತುವ ಆಸೆ ಬಿಡಿ. ಅಳತೆ ಕೋಲು, ಟ್ರೈಪಾಡ್ ಒಳಗೆ ಒಯ್ಯಲು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಹೆಚ್ಚಿನ ಟ್ಯಾಂಕುಗಳು ಬಯಲಲ್ಲಿವೆ. ನಡುಮಧ್ಯಾಹ್ನ ಉಕ್ಕಿನ ಹತ್ತಿರ ನಿಲ್ಲಲಾಗದು, ನೆರಳೂ ಚಕ್ರಗಳನ್ನು ನುಂಗಿಬಿಡುತ್ತದೆ.

ಈಗ ಅಳತೆ. ಟ್ಯಾಂಕನ್ನು ಮುಟ್ಟದೆಯೇ ಅಳೆಯಬೇಕು. ಒಂದು ಮೀಟರ್ ಉದ್ದದ ಕೋಲಿಗೆ ಹತ್ತು ಸೆಂ.ಮೀ.ಗೊಂದರಂತೆ ಕಪ್ಪು, ಬಿಳಿ ಪಟ್ಟೆ ಬಳಿದು, ಅಳೆಯಬೇಕಾದ ಮೈಯ ಸಮಕ್ಕೇ ನಿಲ್ಲಿಸಿ, ಹತ್ತು ಮೀಟರ್ ಹಿಂದೆ ಹೋಗಿ ಜೂಮ್ ಮಾಡಿ ಫೋಟೋ ತೆಗೆಯುವುದು. ಹತ್ತಿರ ನಿಂತು ಮೊಬೈಲಿನ ಅಗಲ ಲೆನ್ಸಿನಲ್ಲಿ ತೆಗೆದರೆ ಮೂತಿ ಉಬ್ಬಿಕೊಳ್ಳುತ್ತದೆ. ಹೊಸಬರು ಎಡವುವುದು ಕೋಲು ನಿಲ್ಲಿಸುವ ಜಾಗದಲ್ಲಿ. ಟ್ಯಾಂಕು 10 ಮೀಟರ್ ದೂರದಲ್ಲಿದ್ದು ಕೋಲು ಒಂದು ಮೀಟರ್ ಈಚೆಗಿದ್ದರೆ, ಕೋಲು ದೊಡ್ಡದಾಗಿ ಕಂಡು ಟ್ಯಾಂಕಿನ ಅಳತೆ ನೂರಕ್ಕೆ ಹತ್ತು ಕಡಿಮೆ ಬರುತ್ತದೆ. ಬ್ರಿಟಿಷ್ ಸೆಂಚೂರಿಯನ್ ಟ್ಯಾಂಕಿನ ಅಗಲ 3.39 ಮೀಟರ್. ನಮ್ಮ ಸೈನಿಕರ ಸ್ಕೇಲಾದ 1:32ಕ್ಕೆ (ಅಸಲಿನ ಮೂವತ್ತೆರಡನೇ ಒಂದು ಪಾಲು) ಇಳಿಸಿದರೆ 106 ಮಿ.ಮೀ. ಆಗಬೇಕು. ತಪ್ಪು ಅಳತೆಯಲ್ಲಿ 95 ಬರುತ್ತದೆ. 1:35ರ ಕಿಟ್ಟಿನಲ್ಲಿ (ಬಿಡಿಭಾಗ ಜೋಡಿಸಿ ಮಾಡುವ ಮಾಡೆಲ್) ಅದೇ ಅಗಲ 97. ಅಂದರೆ ಒಂದು ಮೀಟರ್ ತಪ್ಪಿಗೆ ನಿಮ್ಮ ಸ್ಕೇಲೇ ಬದಲಾಗಿ, 'ನನ್ನ ಕಿಟ್ಟು ಸರಿಯಾಗಿಯೇ ಇದೆಯಲ್ಲ' ಎಂದು ಸಮಾಧಾನ ಪಟ್ಟುಕೊಂಡು ಬರುತ್ತೀರಿ.

ಕೋಲಿಗಿಂತ ನನಗೆ ಮೆಚ್ಚುಗೆಯಾದದ್ದು ಮನುಷ್ಯ. 54 ಮಿ.ಮೀ. ಎತ್ತರದ ಆಟಿಕೆ ಸೈನಿಕನನ್ನು 32ರಿಂದ ಗುಣಿಸಿದರೆ 1728 ಮಿ.ಮೀ., ಸರಿಯಾಗಿ 5 ಅಡಿ 8 ಅಂಗುಲ. ಗುಂಪಿನಲ್ಲಿ ಅಷ್ಟೆತ್ತರದವರು ಯಾರಿದ್ದಾರೋ ಅವರಿಗೆ "ಬರ್ರಿ ಅಣ್ಣಾ, ಚಪ್ಪಲಿ ಬಿಟ್ಟು ನಿಲ್ರಿ" ಎಂದು ಟ್ಯಾಂಕಿನ ಪಕ್ಕ ನಿಲ್ಲಿಸಿದರೆ ಮುಗಿಯಿತು. ಕಿವಿಯ ಮಟ್ಟಕ್ಕೆ ಯಾವ ತಗಡು, ಎದೆಯ ಮಟ್ಟಕ್ಕೆ ಯಾವ ಕೊಂಡಿ ಬರುತ್ತದೆ ಎಂದು ಬರೆದುಕೊಳ್ಳಿ. ಮನೆಯಲ್ಲಿ ನಿಮ್ಮ ಮಾಡೆಲ್ ಪಕ್ಕ ಸೈನಿಕನನ್ನು ಇಟ್ಟಾಗ ಅದೇ ಮಟ್ಟ ಬರಬೇಕು. ಒಂದು ತೊಡಕಿದೆ. ಕೆಲವು ತಯಾರಕರು 54 ಎನ್ನುವುದನ್ನು ನೆತ್ತಿಯವರೆಗಲ್ಲ, ಕಣ್ಣಿನವರೆಗೆ ಅಳೆಯುತ್ತಾರೆ. ಆಗ ಸ್ಕೇಲು 1:30ರ ಹತ್ತಿರ ಹೋಗುತ್ತದೆ. ಅಂಥ ಸೈನಿಕರನ್ನು 1:35 ಟ್ಯಾಂಕಿನ ಪಕ್ಕ ನಿಲ್ಲಿಸಿದರೆ ಭೀಮನೇ ಬಂದು ನಿಂತ ಹಾಗೆ.

ಟ್ಯಾಂಕಿನ ಜಾತಿ ಗುರುತಿಸಲು ಚಕ್ರ ಎಣಿಸಿ. ಅಮೆರಿಕದ ಎಂ-47 ಪ್ಯಾಟನ್ ಟ್ಯಾಂಕಿಗೆ ಪಕ್ಕಕ್ಕೆ ಆರು ಚಕ್ರ, ಮೇಲೆ ಮೂರು ಉರುಳೆ, ಹಿಂಬದಿಯ ಹಲ್ಲುಚಕ್ರದ ಮುಂದೆ ಸರಪಳಿ ಬಿಗಿಸುವ ಪುಟ್ಟ ಚಕ್ರವೊಂದು. 1965ರ ಸೆಪ್ಟೆಂಬರಿನ ಯುದ್ಧದಲ್ಲಿ ಪಂಜಾಬಿನ ಖೇಮಕರಣದ ಬಳಿಯ ಅಸಲ್ ಉತ್ತರದಲ್ಲಿ ಸಿಕ್ಕಿಬಿದ್ದ ಪಾಕಿಸ್ತಾನದ ಪ್ಯಾಟನ್ನುಗಳ ದೃಶ್ಯ ಮಾಡುವವರಿಗೆ ಈ ಪುಟ್ಟ ಚಕ್ರ ಬಿಡುವಂತಿಲ್ಲ. ಫ್ರಾನ್ಸಿನ ಹಗುರ ಟ್ಯಾಂಕ್ ಎಎಂಎಕ್ಸ್-13ಕ್ಕೆ ಐದೇ ಚಕ್ರ, ಅದರ ಗೋಪುರ ಎರಡು ತುಂಡು: ಮೇಲಿನ ತುಂಡು ತೋಪಿನ ಸಮೇತ ಮೇಲೆ ಕೆಳಗೆ ತೂಗುತ್ತದೆ. ಮಾಡೆಲಿನಲ್ಲಿ ತೋಪನ್ನಷ್ಟೇ ಎತ್ತಿ ಅಂಟಿಸಿದರೆ ತಪ್ಪು. ನಡುವಿನ ರಬ್ಬರ್ ಮಡಿಕೆಯನ್ನು ಹತ್ತಿರದಿಂದ ಫೋಟೋ ತೆಗೆದುಕೊಳ್ಳಿ. ಇದೇ ಜಾತಿಯ ಟ್ಯಾಂಕನ್ನು 1962ರ ಚೀನಾ ಯುದ್ಧದಲ್ಲಿ ವಿಮಾನದಲ್ಲಿ ಲಡಾಖಿನ ಚುಶೂಲಿಗೆ ಒಯ್ದಿದ್ದರು. ಜಪಾನಿನ ಪುಟ್ಟ ಟ್ಯಾಂಕ್ ಟೈಪ್ 95 ಹಾ-ಗೋ ನೋಡದೆ ಬರಬೇಡಿ: ಅಗಲ ಬರೀ 2.06 ಮೀಟರ್. ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಶಸ್ತ್ರಸಜ್ಜಿತ ಕಾರಿನ ರಿವೆಟ್ ಸಾಲುಗಳಿಗೆ ಅರ್ಧ ಗಂಟೆ ಕೊಟ್ಟರೂ ಸಾಲದು.

ಆಕಾರಕ್ಕೆ ಮ್ಯೂಸಿಯಂ ಗುರು; ಬಣ್ಣಕ್ಕೆ ಅಲ್ಲ. ಬಿಸಿಲುಮಳೆಗೆ ನಿಂತ ಉಕ್ಕಿಗೆ ಮತ್ತೆ ಮತ್ತೆ ಬಣ್ಣ ಬಳಿಯಲೇಬೇಕು, ಬಳಿಯುವವರು ತುಕ್ಕು ತಡೆಯಲು ಬಳಿಯುತ್ತಾರೆ, ನಮ್ಮ ಬಣ್ಣದ ಡಬ್ಬಿಗಾಗಿ ಅಲ್ಲ. ಅಂಕೆಗಳು, ರೆಜಿಮೆಂಟಿನ ಗುರುತುಗಳೂ ಹಾಗೆಯೇ. ಯುದ್ಧಕಾಲದ ಫೋಟೋ ಜೊತೆ ಹೋಲಿಸದೆ ಒಂದನ್ನೂ ನಕಲು ಮಾಡುವುದಿಲ್ಲ. ಬಣ್ಣ ಗೊತ್ತಾದ ಮೇಲೂ 54 ಮಿ.ಮೀ.ಗೆ ಒಂದು ಛಾಯೆ ತಿಳಿಯಾಗಿಯೇ ಹಚ್ಚಿ, ಇಲ್ಲದಿದ್ದರೆ ಕಪ್ಪಿಟ್ಟು ಕಾಣುತ್ತದೆ. ಪಾಲಿಥೀನ್ ಸೈನಿಕರಿಗೆ ಪಾತ್ರೆ ತೊಳೆಯುವ ಸೋಪಿನಲ್ಲಿ ಜಿಡ್ಡು ತೆಗೆದು, ನೀರು ಬೆರೆಸಿದ ಫೆವಿಕಾಲ್ ಒಂದು ಪದರ ಹಚ್ಚಿ ಒಣಗಿದ ಮೇಲೆ ಆಕ್ರಿಲಿಕ್. ಇಲ್ಲದಿದ್ದರೆ ಬಂದೂಕು ಒಮ್ಮೆ ಬಾಗಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಮರಳಿದ ರಾತ್ರಿಯೇ ಪೆಟ್ಟಿಗೆ ಬಿಚ್ಚಿ, ಸೈನಿಕರನ್ನು ಗಾಜಿನ ಕಪಾಟಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಬದಲಿಸುತ್ತೇನೆ. ಫೋಟೋದ ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ ಬರೆಯುವುದು: ಅಸಲು ಮಿ.ಮೀ., ಪಕ್ಕದಲ್ಲಿ 32ರಿಂದ ಭಾಗಿಸಿದ್ದು. ಹಾ-ಗೋ ಸಾಲಿನಲ್ಲಿ 64 ಎಂದಿದೆ. ಕಪಾಟಿನಲ್ಲಿ ಅದರ ಪಕ್ಕ ಸೈನಿಕ ನಿಂತರೆ ನೋಡಿದವರೆಲ್ಲ ಟ್ಯಾಂಕು ಚಿಕ್ಕದಾಯಿತು ಎನ್ನುತ್ತಾರೆ. ನೋಟ್‌ಬುಕ್ ತೆಗೆದು ತೋರಿಸುತ್ತೇನೆ.