ಆರು ಮಕ್ಕಳು, ಆರು ಪೈಪು, ಒಂದು ಮೋಹನ

ಗುಂಪು ಪ್ರಾಜೆಕ್ಟ್ ಅಂದರೆ ಏನಾಗುತ್ತದೆ ಗೊತ್ತಲ್ಲ? ಒಬ್ಬಳು ಮಾಡುತ್ತಾಳೆ, ಇಬ್ಬರು ನೋಡುತ್ತಾರೆ, ಉಳಿದವರು ಚಾರ್ಟಿನ ಕೆಳಗೆ ಹೆಸರು ಬರೆಯುತ್ತಾರೆ. ನಾನು ತಿಪಟೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಶಬ್ದದ ಪಾಠಕ್ಕೆ ವಾದ್ಯ ಮಾಡಿಸುವಾಗ ಇದಕ್ಕೊಂದು ಉಪಾಯ ಮಾಡಿದೆ. ಒಂದು ಮಗುವಿಗೆ ಒಂದೇ ಸ್ವರ. ಗಾಂಧಾರದವನು ಚಕ್ಕರ್ ಹೊಡೆದರೆ ಅವತ್ತು ಹಾಡೇ ಇಲ್ಲ!

ಮುಕ್ಕಾಲು ಇಂಚಿನ ವೈರಿಂಗ್ ಪೈಪ್ ತನ್ನಿ. ಹತ್ತಡಿಯದು ಒಂದಿದ್ದರೆ ಮೂರು ಗುಂಪಿಗೆ ಸಾಕು. ಆಕ್ಸಾ ಬ್ಲೇಡು, ಉಪ್ಪುಕಾಗದ, ಸವೆದ ಹವಾಯಿ ಚಪ್ಪಲಿ ಬೇಕು. ಚಪ್ಪಲಿಗೆ ಬರವಿಲ್ಲ, ಪ್ರತಿ ಮನೆಯಲ್ಲೂ ಒಂಟಿ ಒಂದಿರುತ್ತದೆ.

ಒಂದು ತುದಿ ಮುಚ್ಚಿದ ಪೈಪಿನಲ್ಲಿ ಗಾಳಿಯ ಉದ್ದ ಕಡಿಮೆಯಾದಷ್ಟೂ ಸ್ವರ ಮೇಲೇರುತ್ತದೆ. ಷಡ್ಜಕ್ಕೆ 16 ಸೆಂ.ಮೀ. ಇಟ್ಟುಕೊಳ್ಳಿ. ಅದರ 8/9 ಭಾಗ ರಿಷಭ, ಅಂದರೆ 14.2. ಗಾಂಧಾರಕ್ಕೆ 4/5, 12.8. ಪಂಚಮಕ್ಕೆ 2/3, 10.7. ಧೈವತಕ್ಕೆ 3/5, 9.6. ಮೇಲಿನ ಷಡ್ಜಕ್ಕೆ ಸರಿ ಅರ್ಧ, 8. ಇದು ಮೋಹನ ರಾಗದ ಸ್ವರಗಳು. ಇದನ್ನೇ ಆರಿಸಿದ್ದು ಯಾಕೆಂದರೆ, ಮಕ್ಕಳು ಹೆಂಗೆ ಬೇಕೋ ಹಂಗೆ ಊದಿದರೂ ಕಿವಿಗೆ ಕೆಟ್ಟದಾಗಿ ಕೇಳಿಸುವುದಿಲ್ಲ.

ಪೈಪನ್ನು ಮಾತ್ರ ಈ ಅಳತೆಗಿಂತ 2 ಸೆಂ.ಮೀ. ಉದ್ದಕ್ಕೇ ಕತ್ತರಿಸಿ. ಬಾಯಿಯ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ತುಟಿ ಕೆರೆಯುತ್ತದೆ. ಪೈಪಿನ ತುದಿಯನ್ನು ಚಪ್ಪಲಿಯ ಮೇಲೆ ಒತ್ತಿ ತಿರುಗಿಸಿ. ದುಂಡಗೆ ಗುರುತು ಬೀಳುತ್ತದೆ. ಗುರುತಿಗಿಂತ ಒಂದು ಕೂದಲೆಳೆ ಹೊರಗೆ ಕತ್ತರಿಸಿ, ಬಿರಡೆಯನ್ನು ಕೆಳತುದಿಯಿಂದ ಬಿಗಿಯಾಗಿ ತುರುಕಿ. ಬಾಯಿಯಿಂದ ಬಿರಡೆವರೆಗೆ ಸ್ಕೇಲ್ ಇಳಿಸಿ ಅಳೆಯಿರಿ. ಪೆನ್ನಿನ ಕ್ಯಾಪಿನಲ್ಲಿ ಸೀಟಿ ಹೊಡೆಯುತ್ತೀವಲ್ಲ, ಹಾಗೇ ಅಡ್ಡಕ್ಕೆ ಊದಬೇಕು.

ಮೊದಲ ವರ್ಷ ನಾನು ಲೆಕ್ಕದ ಅಳತೆಗೇ ಎಂ-ಸೀಲ್ ಮೆತ್ತಿ ಮುಚ್ಚಿಸಿಬಿಟ್ಟಿದ್ದೆ. ಮೇಲಿನ ಷಡ್ಜ ಪೆಚ್ಚಾಗಿ ಕೆಳಗೇ ನಿಂತಿತು. ಲೆಕ್ಕ ತಪ್ಪಿರಲಿಲ್ಲ. ಅದುರುವ ಗಾಳಿ ಪೈಪಿನ ಬಾಯಿಗೇ ನಿಲ್ಲುವುದಿಲ್ಲ, ಸ್ವಲ್ಪ ಹೊರಕ್ಕೂ ಚಾಚುತ್ತದೆ. ಹೊರಚಾಚಿದ ಆ ಚೂರು, ಉದ್ದನೆ ಪೈಪಿಗೆ ಲೆಕ್ಕಕ್ಕಿಲ್ಲ, ಗಿಡ್ಡ ಪೈಪಿಗೆ ಜಾಸ್ತಿಯೇ ಆಗುತ್ತದೆ. ಎಂ-ಸೀಲ್ ಕಲ್ಲಾಗಿತ್ತು, ಏನೂ ಮಾಡುವ ಹಾಗಿರಲಿಲ್ಲ. ಚಪ್ಪಲಿ ಬಿರಡೆಯಾದರೆ ಪೆನ್ಸಿಲಿನಿಂದ ಎರಡು ಮೂರು ಮಿಲಿಮೀಟರ್ ಮೇಲೆ ತಳ್ಳಿದರಾಯಿತು. ಹಾರ್ಮೋನಿಯಂ ಇದ್ದರೆ ಬಿಳಿ ಒಂದಕ್ಕೆ, ಅಂದರೆ C ಮನೆಗೆ, ಷಡ್ಜ ಕೂಡಿಸಿ. ಇಲ್ಲವೇ ಮೊಬೈಲಿನ ಟ್ಯೂನರ್ ಆಪ್ ಸಾಕು.

ಗುಂಪಿನಲ್ಲಿ ಏಳನೆಯವಳಿದ್ದರೆ ಡಬ್ಬದ ಚೌಡಿಕೆ ಕೊಡಿ. ಎಲ್ಲಮ್ಮನ ಪದ ಹಾಡುವವರ ಕೈಯಲ್ಲಿ ಇರುತ್ತದಲ್ಲ, ಅದರ ಬಡ ತಮ್ಮ ಅನ್ನಿ. ತಗಡಿನ ಡಬ್ಬದ ತಳಕ್ಕೆ ನಡುವೆ ತೂತು, ಮೀನಿನ ಗಾಳದ ದಾರ, ದಾರ ಜಾರದಂತೆ ಹೊರಗಡೆ ಒಂದು ಗುಂಡಿ. ಡಬ್ಬ ಕಂಕುಳಲ್ಲಿ ಒತ್ತಿ, ದಾರ ಎಳೆದು ಹಿಡಿದು ಮೀಟಿದರೆ ಟ್ಯೂಂವ್. ಎಳೆತ ಹೆಚ್ಚಿಸಿದರೆ ಸ್ವರವೂ ಏರುತ್ತದೆ. ಎಂಟನೆಯವನಿಗೆ ಎರಡು ಕರಟ, ತಾಳಕ್ಕೆ.

ನುಡಿಸಲು ಸ್ವರದ ಕ್ರಮದಲ್ಲೇ ಸಾಲಾಗಿ ನಿಲ್ಲಿಸಿ. ನೀವು ಬೆರಳು ತೋರಿಸಿದವರು ಮಾತ್ರ ಊದಲಿ. ಪೈಪಿನ ಮೇಲೆ ಹೆಸರು ಬರೆಸಿ, ಒಬ್ಬರದ್ದು ಇನ್ನೊಬ್ಬರ ಬಾಯಿಗೆ ಹೋಗಬಾರದು. ಹತ್ತು ನಿಮಿಷ ಊದಿದ ಮೇಲೆ ಐದು ನಿಮಿಷ ಕೂರಿಸಿ, ತಲೆ ಸುತ್ತುತ್ತದೆ. ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ಡಿನಲ್ಲಂತೂ ಬೇಡವೇ ಬೇಡ.