ಕಾಗಕ್ಕ ದವಾಖಾನೆಗೆ ಹೋದಳು: ಚಿಕ್ಕ ಮಕ್ಕಳಿಗಾಗಿ ಮನೆಯಲ್ಲೇ ನಗೆಚಿತ್ರಪುಸ್ತಕ ಮಾಡುವ ಬಗೆ

ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯ ಪ್ರಕಾರ 16ರಿಂದ 24 ತಿಂಗಳೊಳಗಿನ ಚುಚ್ಚುಮದ್ದುಗಳು ಮುಗಿದ ಮೇಲೆ ಮಗುವಿಗೆ ಮುಂದಿನ ಡಿಪಿಟಿ ಬೂಸ್ಟರ್ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಮರುಡೋಸ್) ಕೊಡುವುದು 5ರಿಂದ 6 ವರ್ಷದ ನಡುವೆ. ಹಿಂದಿನ ಸೂಜಿಗಳಾವುವೂ ಅದಕ್ಕೆ ನೆನಪಿರುವುದಿಲ್ಲ. ಎಡತೋಳಿನಲ್ಲಿ ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಕಲೆಯಷ್ಟೇ ಉಳಿದಿರುತ್ತದೆ. ಆದರೆ ಈ ವಯಸ್ಸಿಗೆ ಅದು ಎಲ್ಲವನ್ನೂ ಗಮನಿಸುತ್ತದೆ, ಪ್ರಶ್ನೆ ಕೇಳುತ್ತದೆ, ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಇಲ್ಲದ್ದನ್ನು ಊಹಿಸಿಕೊಂಡು ಹೆದರುತ್ತದೆ. ಅದಕ್ಕೂ ಮುಂಚಿನ ಮುಂಬಯಿಯ ಮಳೆಗಾಲಗಳು ನೆಗಡಿ, ಜ್ವರ, ಕೆಮ್ಮುಗಳ ನೆಪದಲ್ಲಿ ಡಾಕ್ಟರರ ಭೇಟಿ ಮಾಡಿಸಿಯೇ ಇರುತ್ತವೆ. ಇಂಥ ಭೇಟಿಗೆ ಮುಂಬಯಿ ಕನ್ನಡಿಗರಾದ ನಮ್ಮ ಮನೆಯ ಮಗುವನ್ನು ಸಿದ್ಧಗೊಳಿಸಲು ಅದು ದಿನವೂ ಕಾಣುವ ಊರು, ಅದು ಹೋಗುವ ಗಲ್ಲಿಯ ದವಾಖಾನೆ, ಮನೆಯವರ ಕನ್ನಡ, ಈ ಮೂರೂ ಇರುವ ಪುಸ್ತಕವೇ ಬೇಕು. ಅದನ್ನು ಒಂದು ಭಾನುವಾರದಲ್ಲಿ ಮಾಡಬಹುದು.

ಎ4 ಅಳತೆಯ ನಾಲ್ಕು ದಪ್ಪ ಬಿಳಿ ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ 16 ಪುಟಗಳಾಗುತ್ತವೆ. ಮೊದಲನೆಯದೂ ಕೊನೆಯದೂ ರಕ್ಷಾಪುಟಗಳಾದರೆ, ಒಳಗೆ ಎದುರುಬದುರಿನ ಏಳು ಜೋಡಿಪುಟಗಳು ಕಥೆಗೆ ಸಿಗುತ್ತವೆ. ಚಿತ್ರ ಬರೆಯುವ ಮೊದಲೇ ಮಡಚಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿಕೊಳ್ಳಬೇಕು. ಏಕೆಂದರೆ ಹಾಳೆ ಬಿಡಿಸಿದಾಗ 16ರ ಪಕ್ಕದಲ್ಲಿ 1, 2ರ ಪಕ್ಕದಲ್ಲಿ 15 ಬಂದು ಕುಳಿತಿರುತ್ತದೆ. ಮಡಿಕೆಯ ಮೇಲೆ ಮೂರು ತೂತು ಹಾಕಿ ದಪ್ಪ ದಾರದಿಂದ ಹೊಲಿಯಿರಿ. ಸ್ಟೇಪ್ಲರ್ ಪಿನ್ನು ಬೇಡ, ಮಗುವಿನ ಬೆರಳಿಗೆ ಚುಚ್ಚುತ್ತದೆ.

ಇನ್ನು ನಗುವಿನ ವಿಷಯ. ದವಾಖಾನೆಯ ಪುಸ್ತಕದಲ್ಲಿ ಮಗುವಿನ ಹೆದರಿಕೆಯನ್ನು ಎಂದೂ ತಮಾಷೆಯ ವಸ್ತುವಾಗಿಸಬಾರದು. ಅಳುವ ಮೊಲವನ್ನು ನೋಡಿ ಉಳಿದ ಪ್ರಾಣಿಗಳು ನಗುವ ಚಿತ್ರ ಬರೆದರೆ, ನಾಳೆ ತಾನು ಅತ್ತಾಗ ಎಲ್ಲರೂ ನಗುತ್ತಾರೆಂಬುದನ್ನಷ್ಟೇ ಮಗು ಕಲಿಯುತ್ತದೆ. ನಗು ಹುಟ್ಟಬೇಕಾದದ್ದು ದೊಡ್ಡವರ ಗಡಿಬಿಡಿಯಿಂದ, ಉಪಕರಣಗಳಿಂದ, ಡಾಕ್ಟರರ ತಪ್ಪು ತಿಳಿವಳಿಕೆಯಿಂದ. ಆಗ ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನು ತಾನೇ ಎಂಬ ಧೈರ್ಯ ಓದು ಕೇಳುವ ಮಗುವಿಗೆ ಬರುತ್ತದೆ.

ಕಥಾನಾಯಕಿಯಾಗಿ ನಾನು ಸೂಚಿಸುವುದು ಕಾಗಕ್ಕನನ್ನು. ಅಜ್ಜಿ ಹೇಳುವ ಕಥೆಗಳಲ್ಲಿ ಅವಳು ಮೊದಲೇ ಪರಿಚಿತಳು. ಮಾಟುಂಗದಿಂದ ಡೊಂಬಿವಿಲಿಯವರೆಗೆ ಅವಳು ಬಂದು ಕೂರದ ಕಿಟಕಿಯಿಲ್ಲ. ಕಂಪೌಂಡರ್ ಗುಬ್ಬಕ್ಕ. ಡಾಕ್ಟರರು ಮನುಷ್ಯರೇ; ಇಲ್ಲಿನ ಮಕ್ಕಳೆಲ್ಲ ಕರೆಯುವಂತೆ ಅವರು ಡಾಕ್ಟರ್ ಕಾಕಾ. ಲಸಿಕೆಯ ದಿನ ಕಾಗಕ್ಕ ಬರುತ್ತಾಳೆ, ಬಾಗಿಲಲ್ಲಿ ಚಪ್ಪಲಿಗಳ ಸಾಲಿದೆ, ಗುಬ್ಬಕ್ಕ ನಂಬರ್ ಚೀಟಿ ಕೊಡುತ್ತಾಳೆ, ಬೆಂಚಿನಲ್ಲಿ ಒದ್ದೆ ಕೊಡೆಗಳೊಂದಿಗೆ ಉಳಿದ ರೋಗಿಗಳು ಕುಳಿತಿದ್ದಾರೆ. ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯಂಥ ದೊಡ್ಡ ಜಾಗವನ್ನು ಮೊದಲ ಪುಸ್ತಕಕ್ಕೆ ತರಬೇಡಿ. ಅಲ್ಲಿನ ಉದ್ದದ ಓಣಿಗಳಿಗೂ ವಿಭಾಗಗಳಿಗೂ ಬೇರೆಯೇ ಕಥೆ ಬೇಕಾಗುತ್ತದೆ.

ಥರ್ಮಾಮೀಟರಿನ ಪುಟದಲ್ಲಿ ಒಂದು ನಿಜಸಂಗತಿಯೇ ನಗೆಯಾಗುತ್ತದೆ. ಮನುಷ್ಯರ ಸಹಜ ಮೈಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹಕ್ಕಿಗಳದು ಅದಕ್ಕಿಂತ ಹೆಚ್ಚು, 40ರ ಆಸುಪಾಸು. ಕಾಗಕ್ಕನ ರೆಕ್ಕೆಯಡಿ ಇಟ್ಟ ಥರ್ಮಾಮೀಟರ್ 40 ತೋರಿಸಿದಾಗ ಡಾಕ್ಟರ್ ಕಾಕಾ ಗಾಬರಿಯಾಗುತ್ತಾರೆ. ಗುಬ್ಬಕ್ಕನಿಗೆ ಇಟ್ಟು ನೋಡಿದರೆ ಅಲ್ಲಿಯೂ ಅಷ್ಟೇ. ಹಾಗಾದರೆ ತಮಗೇ ಮೈ ತಣ್ಣಗಾಗಿರಬೇಕೆಂದು ಅವರು ಶಾಲು ಹೊದ್ದುಕೊಂಡು ಕೂರುತ್ತಾರೆ. ಶಾಲು ಹೊದ್ದ ಚಿತ್ರ ಪುಟ ತಿರುಗಿಸಿದ ಮೇಲೆ ಕಾಣಬೇಕು. ಪ್ರಶ್ನೆ ಯಾವಾಗಲೂ ಬಲಪುಟದ ಕೊನೆಯಲ್ಲಿರಲಿ, ಉತ್ತರ ಮುಂದಿನ ಎಡಪುಟದಲ್ಲಿರಲಿ.

ಗಂಟಲಿನ ಪುಟ ಇಡೀ ಪುಸ್ತಕದ ಜೀವ. ಡಾಕ್ಟರರು ಟಾರ್ಚ್ ಹಿಡಿದು "ಆ ಅನ್ನಮ್ಮ" ಎನ್ನುತ್ತಾರೆ. ಕಾಗಕ್ಕ "ಕಾ" ಎನ್ನುತ್ತಾಳೆ. "ಕಾ ಅಲ್ಲಮ್ಮ, ಆ." "ಕಾ, ಕಾ!" "ಏನಮ್ಮ, ನನ್ನನ್ನು ಕರೆದೆಯಾ?" ಎರಡನೆಯ ಓದಿಗೇ ಮಗು ಕಾಗಕ್ಕನ ಮಾತನ್ನು ತಾನೇ ಹೇಳತೊಡಗುತ್ತದೆ, ಹಾಗೆ ಹೇಳುವಾಗ ಬಾಯಿ ತೆರೆಯುವುದನ್ನೂ ಕಲಿಯುತ್ತದೆ. ಈ ಪುಟದಲ್ಲಿ ಬರಹ ಕಡಿಮೆಯಿರಲಿ, ತೆರೆದ ಕೊಕ್ಕು ಪುಟದ ಅಂಚನ್ನು ಮುಟ್ಟುವಷ್ಟು ದೊಡ್ಡದಾಗಿರಲಿ.

ಎದೆಬಡಿತ ಕೇಳುವ ಪುಟಕ್ಕೆ ಆಟವೊಂದನ್ನು ಸೇರಿಸಿ. 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ರೋಗಿಯ ಎದೆಬಡಿತ ಕೇಳಲು ಮೊದಲು ಬಳಸಿದ್ದು ಸುರುಳಿ ಸುತ್ತಿದ ಕಾಗದವನ್ನೇ. ಸ್ಟೆತಸ್ಕೋಪ್ ಹುಟ್ಟಿದ್ದು ಅಲ್ಲಿಂದ. ಮಗುವೂ ಒಂದು ಹಾಳೆ ಸುತ್ತಿ ಅಜ್ಜನ ಎದೆಗಿಟ್ಟು ಕೇಳಲಿ, ಆಮೇಲೆ ತನ್ನ ಎದೆಯನ್ನು ಅಜ್ಜನಿಗೆ ಕೇಳಿಸಲಿ.

ಸೂಜಿಯ ಪುಟದಲ್ಲಿ ಸುಳ್ಳು ಹೇಳಬಾರದು. ನೋವೇ ಆಗುವುದಿಲ್ಲವೆಂಬ ಹುಸಿ ಭರವಸೆಯ ಮಾತು ಬೇಡ, ಹೆತ್ತವರು ಜೊತೆಗಿರಬೇಕು, ಮಗು ಮಲಗಿರದೆ ನೇರವಾಗಿ ಕುಳಿತಿರಬೇಕು, ಚಿಕ್ಕ ಮಕ್ಕಳ ಗಮನವನ್ನು ಬೇರೆಡೆಗೆ ಸೆಳೆಯಬೇಕು ಎಂಬುದು ಲಸಿಕೆಯ ನೋವನ್ನು ತಗ್ಗಿಸುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಗಳಲ್ಲಿ ಸೇರಿದೆ. ಆದ್ದರಿಂದ ಕಾಗಕ್ಕ ಅಮ್ಮನ ಮಡಿಲಲ್ಲಿ ಕೂತು ಕಿಟಕಿಯಾಚೆಯ ಲೋಕಲ್ ರೈಲಿನ ಡಬ್ಬಿಗಳನ್ನು ಎಣಿಸಲಿ. ಸೂಜಿ ಚುಚ್ಚಿದಾಗ ನೋವಾಗಿ ಅವಳ ಬಾಯಿಂದ ಹೊರಡುವುದು "ಆ!" ಇಷ್ಟು ಹೊತ್ತು ಬಾರದ "ಆ" ಬಂದೇಬಿಟ್ಟಿತೆಂದು ಡಾಕ್ಟರ್ ಕಾಕಾ ಟಾರ್ಚ್ ಹಿಡಿದು ಓಡಿಬರುತ್ತಾರೆ, ಅವಸರದಲ್ಲಿ ತಮ್ಮದೇ ಶಾಲಿಗೆ ಸಿಕ್ಕಿಕೊಳ್ಳುತ್ತಾರೆ. ಇಲ್ಲಿ ನಗು ಅವರ ಅವಸರದ್ದು, ಕಾಗಕ್ಕನ ನೋವಿನದಲ್ಲ. ಅವಳ ಕಣ್ಣಿನಲ್ಲಿ ಒಂದು ಹನಿ ನೀರಿರಲಿ, ಅಮ್ಮ ಅದನ್ನು ಒರೆಸುತ್ತಿರಲಿ.

ಪುಟಕ್ಕೆ ಒಂದೆರಡು ಸಾಲು ಸಾಕು. ನಮ್ಮ ಬಹುಪಾಲು ಮಕ್ಕಳು ಇಂಗ್ಲಿಷ್ ಅಥವಾ ಮರಾಠಿ ಶಾಲೆಗೆ ಹೋಗುವವರಾದ್ದರಿಂದ ಈ ಪುಸ್ತಕವನ್ನು ದೊಡ್ಡವರೇ ಗಟ್ಟಿಯಾಗಿ ಓದಿ ಹೇಳಬೇಕು. ವಾಕ್ಯಗಳು ಮನೆಯಲ್ಲಿ ಆಡುವ ಮಾತಿನಂತಿರಲಿ, ಧಾರವಾಡದ ಮನೆಯಾದರೆ ಧಾರವಾಡದ ಕನ್ನಡ, ಮಂಗಳೂರಿನದಾದರೆ ಮಂಗಳೂರಿನದು. ಅಕ್ಷರಗಳು ದಪ್ಪವಾಗಿರಲಿ, ಮಗು ನಿಧಾನವಾಗಿ ಗುರುತಿಸಿಕೊಳ್ಳುತ್ತದೆ.

ಭೇಟಿಯ ಹಿಂದಿನ ದಿನ ಓದಲು ಆರಂಭಿಸಿದರೆ ಸಾಕು. ವಾರ ಮೊದಲೇ ಓದಿದರೆ ಚಿಕ್ಕ ಮಕ್ಕಳಿಗೆ ಕಾಯುವುದೇ ಭಾರವಾಗುತ್ತದೆ. ಬೆಂಚಿನಲ್ಲಿ ಕಾಯುವಾಗ ಓದಲು ಪುಸ್ತಕ ಕೈಯಲ್ಲೇ ಇರಲಿ. 15ನೆಯ ಪುಟವನ್ನು ಖಾಲಿ ಬಿಟ್ಟು, ಮನೆಗೆ ಬಂದ ಮೇಲೆ ಅಲ್ಲಿ ನಡೆದದ್ದನ್ನು ಮಗುವೇ ಚಿತ್ರಿಸುವಂತೆ ಮಾಡಿ. ತಾನು ಜೋರಾಗಿ ಅತ್ತದ್ದನ್ನೇ ಅದು ಬರೆದರೆ ತಿದ್ದಬೇಡಿ. ಇನ್ನೊಬ್ಬ ರೋಗಿಯನ್ನು ಸೇರಿಸಬೇಕೆಂದು ಹಠ ಹಿಡಿದರೆ, ಹೊಲಿಗೆ ಬಿಚ್ಚಿ ನಡುವೆ ಒಂದು ಹಾಳೆ ಇಟ್ಟು ಮತ್ತೆ ಹೊಲಿದರೆ ನಾಲ್ಕು ಪುಟ ಹೆಚ್ಚಾಗುತ್ತದೆ. ರಾಣಿಬಾಗ್ ಮೃಗಾಲಯದ ಪೆಂಗ್ವಿನ್ನಿಗೋ ಆರೆ ಕಾಲೊನಿಯ ಎಮ್ಮೆಗೋ ಅಲ್ಲಿ ಜಾಗ ಮಾಡಿಕೊಡಿ.